ಲೋಹ-ಪಿಂಗಾಣಿ ಬಂಧ

ಲೋಹ-ಪಿಂಗಾಣಿ ಬಂಧ ಎಂಬುದು ಹಲ್ಲಿನ ಕ್ಯಾಪ್ ಮತ್ತು ಬ್ರಿಡ್ಜ್‌ಗಳಲ್ಲಿ ಒಳಗಿನ ಮಿಶ್ರಲೋಹದ ಚೌಕಟ್ಟನ್ನೂ ಅದರ ಮೇಲೆ ಸುಟ್ಟು ಕೂಡಿಸಿದ ಪಿಂಗಾಣಿಯನ್ನೂ ಒಂದಾಗಿ ಹಿಡಿದಿಡುವ ಬಂಧವಾಗಿದೆ. ದಂತವೈದ್ಯಕೀಯದ ಪ್ರಾಸ್ಥೊಡಾಂಟಿಕ್ಸ್ ಅಥವಾ ಕೃತಕ ದಂತ ಜೋಡಣಾ ವಿಭಾಗದಲ್ಲಿ ಹಾಗೂ ದಂತ ಸಾಮಗ್ರಿಗಳ ವಿಜ್ಞಾನದಲ್ಲಿ ಇದು ಮುಖ್ಯ ಅಧ್ಯಯನ ವಿಷಯ. ಲೋಹವು ಅಗಿಯುವ ಬಲವನ್ನು ತಾಳಿಕೊಳ್ಳುತ್ತದೆ. ಪಿಂಗಾಣಿಯು ಹಲ್ಲಿನ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ಇವೆರಡರ ನಡುವಿನ ಬಂಧ ಸಡಿಲವಾದರೆ ಪಿಂಗಾಣಿಯು ಚೂರಾಗಿ ಉದುರಿ, ಒಳಗಿನ ಬೂದು ಬಣ್ಣದ ಲೋಹ ಹೊರಗೆ ಕಾಣುತ್ತದೆ.

ಹಿಂದೆ ಮನೆಗಳಲ್ಲಿ ಬಳಕೆಯಲ್ಲಿದ್ದ ಎನಾಮಲ್ ಲೇಪದ ಕಬ್ಬಿಣದ ತಟ್ಟೆ, ಲೋಟಗಳು ಕೆಳಗೆ ಬಿದ್ದಾಗ ಲೇಪವು ಚಕ್ಕೆಯೆದ್ದು ಕಪ್ಪು ಲೋಹ ಕಾಣುತ್ತಿದ್ದುದು ಇದೇ ಬಗೆಯ ವೈಫಲ್ಯ. ಆದರೆ ತಟ್ಟೆಯ ಚಕ್ಕೆ ಅಂದವನ್ನಷ್ಟೇ ಕೆಡಿಸುತ್ತದೆ. ಬಾಯಿಯಲ್ಲಿ ಸಿಮೆಂಟಿನಿಂದ ಅಂಟಿಸಿದ ಕ್ಯಾಪ್ ಕೆಟ್ಟರೆ ಅದನ್ನು ಸಾಮಾನ್ಯವಾಗಿ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಹಾಗೆ ತೆಗೆಯುವಾಗ ಅಡಿಯಲ್ಲಿರುವ ಹಲ್ಲಿಗೆ ಮತ್ತಷ್ಟು ಹಾನಿಯಾಗುವ ಸಂಭವವಿದೆ. ರೋಗಿಯು ಎರಡನೆಯ ಬಾರಿ ಹಣವನ್ನೂ ಸಮಯವನ್ನೂ ವ್ಯಯಿಸಬೇಕಾಗುತ್ತದೆ. ಆದ್ದರಿಂದ ಈ ಬಂಧವನ್ನು ಉತ್ತಮಪಡಿಸುವ ವಿಧಾನಗಳಿಗೆ ಪ್ರಾಮುಖ್ಯ ಬಂದಿದೆ.

ಹಿನ್ನೆಲೆ

ಪಿಂಗಾಣಿಯಿಂದಲೇ ಪೂರ್ಣವಾಗಿ ಮಾಡಿದ ಹಲ್ಲಿನ ಕವಚವನ್ನು ಅಮೆರಿಕದ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1880ರ ದಶಕದ ಕೊನೆಯಲ್ಲಿ ಬಳಕೆಗೆ ತಂದನು. ಅದು ನೋಡಲು ಅಂದವಾಗಿದ್ದರೂ ಬೇಗ ಬಿರುಕು ಬಿಡುತ್ತಿತ್ತು. ಚಿನ್ನದ ಕ್ಯಾಪ್ ಗಟ್ಟಿಯಾಗಿದ್ದರೂ ಹಲ್ಲಿನ ಬಣ್ಣವನ್ನು ಹೋಲುತ್ತಿರಲಿಲ್ಲ. ಎರಡರ ಗುಣಗಳನ್ನೂ ಒಂದೇ ಕ್ಯಾಪ್‌ನಲ್ಲಿ ತರಲು ನಡೆದ ಪ್ರಯತ್ನಗಳಿಗೆ ದೊಡ್ಡ ಅಡ್ಡಿಯಾಗಿದ್ದುದು ಉಷ್ಣ ವ್ಯಾಕೋಚನದ ವ್ಯತ್ಯಾಸ. ಕಾಯಿಸಿದಾಗ ಲೋಹವು ಸಾಧಾರಣ ಪಿಂಗಾಣಿಗಿಂತ ಹೆಚ್ಚು ಹಿಗ್ಗುತ್ತದೆ, ತಣಿದಾಗ ಹೆಚ್ಚು ಕುಗ್ಗುತ್ತದೆ. ಹೀಗಾಗಿ ಕುಲುಮೆಯಿಂದ ಹೊರತೆಗೆದ ಕ್ಯಾಪ್ ತಣಿಯುವಷ್ಟರಲ್ಲಿ ಪಿಂಗಾಣಿ ಸೀಳುತ್ತಿತ್ತು.

1962ರಲ್ಲಿ ಅಮೆರಿಕದಲ್ಲಿ ವೈನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು ಪಡೆದ ಎರಡು ಪೇಟೆಂಟ್‌ಗಳು ಈ ಸಮಸ್ಯೆಗೆ ಪರಿಹಾರ ತೋರಿಸಿದವು. ಒಂದು, ಸುಡುವ ತಾಪಮಾನವನ್ನೂ ವ್ಯಾಕೋಚನವನ್ನೂ ನಿಯಂತ್ರಿಸಬಹುದಾದ ಫೆಲ್ಡ್‌ಸ್ಪಾರ್ ಆಧಾರಿತ ಪಿಂಗಾಣಿಯ ಕುರಿತಾದದ್ದು. ಮತ್ತೊಂದು, ಅಂಥ ಪಿಂಗಾಣಿಗೆ ಬೆಸೆದುಕೊಳ್ಳಬಲ್ಲ ಮಿಶ್ರಲೋಹಗಳ ಕುರಿತಾದದ್ದು. ಪಿಂಗಾಣಿಯಲ್ಲಿ ಲ್ಯೂಸೈಟ್ ಎಂಬ ಪೊಟ್ಯಾಸಿಯಂ-ಅಲ್ಯುಮಿನಿಯಂ ಸಿಲಿಕೇಟ್ ಹರಳುಗಳು ಉಂಟಾಗುವಂತೆ ಮಾಡಿದಾಗ ಅದರ ವ್ಯಾಕೋಚನ ಹೆಚ್ಚಿ ಲೋಹಕ್ಕೆ ಸಮೀಪವಾಯಿತು. ಇಂದಿನ ಲೋಹ-ಪಿಂಗಾಣಿ ಕ್ಯಾಪ್‌ಗಳೆಲ್ಲ ಈ ತತ್ತ್ವದ ಮೇಲೆಯೇ ನಿಂತಿವೆ.

ಆರಂಭದಲ್ಲಿ ಚಿನ್ನ, ಪ್ಲಾಟಿನಂ ಮತ್ತು ಪಲ್ಲಾಡಿಯಂ ಬೆರೆತ ಮಿಶ್ರಲೋಹಗಳು ಬಳಕೆಯಲ್ಲಿದ್ದವು. 1970ರ ದಶಕದಲ್ಲಿ ಚಿನ್ನದ ಬೆಲೆ ಏರಿದ ಮೇಲೆ ನಿಕ್ಕಲ್-ಕ್ರೋಮಿಯಂ ಮತ್ತು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಗಳು ಅಗ್ಗದ ಪರ್ಯಾಯಗಳಾಗಿ ಹರಡಿದವು. ಬೆಲೆ ಇಳಿದಂತೆ ಬಂಧದ ಹೊಸ ಸಮಸ್ಯೆಗಳೂ ಎದುರಾದವು. ಈ ಲೋಹಗಳ ಮೇಲೆ ಆಕ್ಸೈಡ್ ಪದರ ಅತಿಯಾಗಿ ಬೆಳೆಯುವುದು ಅವುಗಳಲ್ಲಿ ಮುಖ್ಯವಾದುದು.

ಕ್ಯಾಪ್‌ನ ರಚನೆ

ಲೋಹ-ಪಿಂಗಾಣಿ ಕ್ಯಾಪ್‌ನಲ್ಲಿ ಒಳಗಿನಿಂದ ಹೊರಕ್ಕೆ ಈ ಪದರಗಳಿರುತ್ತವೆ:

- ಲೋಹದ ಟೊಪ್ಪಿಗೆ: ಕೊರೆದು ಸಣ್ಣದಾಗಿಸಿದ ಹಲ್ಲಿನ ಮೇಲೆ ಕೂರುವ ತೆಳುವಾದ ಕವಚ. ದಪ್ಪ ಸಾಮಾನ್ಯವಾಗಿ 0.3ರಿಂದ 0.5 ಮಿ.ಮೀ.
- ಆಕ್ಸೈಡ್ ಪದರ: ಲೋಹದ ಮೇಲ್ಮೈಯಲ್ಲಿ ಕಾವಿನಿಂದ ಉಂಟಾಗುವ ಅತಿ ತೆಳುವಾದ ಪೊರೆ.
- ಓಪೇಕ್ ಪದರ: ಲೋಹದ ಕಪ್ಪು ಬಣ್ಣವನ್ನು ಮರೆಮಾಡುವ ಅಪಾರಕ ಪಿಂಗಾಣಿ. ಇದರಲ್ಲಿ ತವರ, ಟೈಟಾನಿಯಂ ಅಥವಾ ಜಿರ್ಕೋನಿಯಂಗಳ ಆಕ್ಸೈಡ್ ಸೇರಿರುತ್ತದೆ. ದಪ್ಪ ಸುಮಾರು 0.3 ಮಿ.ಮೀ.
- ಡೆಂಟಿನ್ ಮತ್ತು ಎನಾಮಲ್ ಪದರಗಳು: ಹಲ್ಲಿನ ಆಕಾರ, ಬಣ್ಣ ಮತ್ತು ಅರೆಪಾರದರ್ಶಕತೆಯನ್ನು ಕೊಡುವ ಹೊರಪದರಗಳು.

ಲೋಹಕ್ಕೆ ನೇರವಾಗಿ ತಗಲುವುದು ಓಪೇಕ್ ಪದರ ಮಾತ್ರ. ಆದ್ದರಿಂದ ಅದು ಬಣ್ಣವನ್ನು ಮರೆಮಾಡುವ ಪದರವಷ್ಟೇ ಅಲ್ಲ, ಬಂಧದ ಪದರವೂ ಹೌದು.

ಬಂಧ ಉಂಟಾಗುವ ಬಗೆ

ಯಾಂತ್ರಿಕ ಹಿಡಿತ

ಲೋಹದ ಮೇಲ್ಮೈಯನ್ನು ಒರಟಾಗಿಸಿದಾಗ ಅದರಲ್ಲಿ ಸೂಕ್ಷ್ಮವಾದ ತಗ್ಗು-ದಿಣ್ಣೆಗಳು ಮೂಡುತ್ತವೆ. ಕರಗಿದ ಪಿಂಗಾಣಿಯು ಈ ತಗ್ಗುಗಳಿಗೆ ಹರಿದು ಗಟ್ಟಿಯಾದಾಗ ಹಿಡಿತ ಸಿಗುತ್ತದೆ. ಒರಟುತನದಿಂದ ಬಂಧಕ್ಕೆ ಸಿಗುವ ಒಟ್ಟು ಮೇಲ್ಮೈಯೂ ಹೆಚ್ಚುತ್ತದೆ. ಆದರೆ ತಗ್ಗುಗಳು ತೀರ ಆಳವೂ ಚೂಪೂ ಆದರೆ ಪಿಂಗಾಣಿ ಅವುಗಳ ತಳವನ್ನು ಮುಟ್ಟದೆ ಗಾಳಿ ಉಳಿಯುತ್ತದೆ. ಚೂಪಾದ ಅಂಚುಗಳಲ್ಲಿ ಒತ್ತಡ ಕೇಂದ್ರೀಕರಿಸಿ ಬಿರುಕಿಗೆ ದಾರಿಯಾಗುತ್ತದೆ.

ಪಿಂಗಾಣಿಯು ಲೋಹದ ಮೇಲೆ ಚೆನ್ನಾಗಿ ಹರಡಿಕೊಳ್ಳುವುದು ಈ ಹಿಡಿತಕ್ಕೆ ಅವಶ್ಯಕ. ಜಿಡ್ಡು ಅಂಟಿದ ತಟ್ಟೆಯ ಮೇಲೆ ನೀರು ಹನಿಹನಿಯಾಗಿ ನಿಲ್ಲುವಂತೆ, ಕೊಳೆ ಅಂಟಿದ ಲೋಹದ ಮೇಲೆ ಕರಗಿದ ಪಿಂಗಾಣಿಯೂ ಹರಡದೆ ನಿಲ್ಲುತ್ತದೆ.

ರಾಸಾಯನಿಕ ಬಂಧ

ಬಂಧದ ಬಹುಪಾಲು ಶಕ್ತಿ ಆಕ್ಸೈಡ್ ಪದರದಿಂದ ಬರುತ್ತದೆ ಎಂಬುದು ವ್ಯಾಪಕವಾಗಿ ಒಪ್ಪಿತವಾದ ವಿವರಣೆ. ಪಿಂಗಾಣಿಯು ಮೂಲತಃ ಆಕ್ಸೈಡ್‌ಗಳಿಂದಾದ ಗಾಜು. ಸುಡುವಾಗ ಲೋಹದ ಮೇಲಿನ ಆಕ್ಸೈಡ್‌ನ ಒಂದಂಶವು ಈ ಗಾಜಿನಲ್ಲಿ ಕರಗುತ್ತದೆ. ಕರಗಿದ ಬಳಿಕವೂ ಲೋಹಕ್ಕೆ ಅಂಟಿದ ತೆಳುವಾದ ಪೊರೆ ಉಳಿದರೆ ಲೋಹ, ಆಕ್ಸೈಡ್, ಗಾಜು ಎಂಬ ಮೂರೂ ಪರಮಾಣುಗಳ ಮಟ್ಟದಲ್ಲಿ ಸರಪಳಿಯಂತೆ ಕೂಡಿಕೊಳ್ಳುತ್ತವೆ.

ಶುದ್ಧ ಚಿನ್ನ ಮತ್ತು ಪ್ಲಾಟಿನಂ ಕಾಯಿಸಿದರೂ ಆಕ್ಸೈಡ್ ಕಟ್ಟುವುದಿಲ್ಲ. ಆದ್ದರಿಂದ ಅಮೂಲ್ಯ ಮಿಶ್ರಲೋಹಗಳಿಗೆ ತವರ, ಇಂಡಿಯಂ, ಕಬ್ಬಿಣ ಮೊದಲಾದ ಧಾತುಗಳನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಕಾವಿನಲ್ಲಿ ಇವು ಮೇಲ್ಮೈಗೆ ಬಂದು ಆಕ್ಸೈಡ್ ಆಗುತ್ತವೆ. ನಿಕ್ಕಲ್-ಕ್ರೋಮಿಯಂ ಮತ್ತು ಕೋಬಾಲ್ಟ್-ಕ್ರೋಮಿಯಂ ಲೋಹಗಳಲ್ಲಿ ಆಕ್ಸೈಡ್ ತಾನಾಗಿಯೇ ಧಾರಾಳವಾಗಿ ಬೆಳೆಯುತ್ತದೆ. ಅಲ್ಲಿ ಅದನ್ನು ಮಿತಿಯಲ್ಲಿಡುವುದೇ ಸವಾಲು. ಆಕ್ಸೈಡ್ ಸ್ವತಃ ಪೆಡಸಾದ ವಸ್ತು. ಪದರ ದಪ್ಪವಾದಷ್ಟೂ ಅದರ ಒಳಗೇ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಆಕ್ಸೈಡ್ ಇಲ್ಲದಿದ್ದರೆ ಬಂಧವಿಲ್ಲ, ಹೆಚ್ಚಾದರೆ ಬಂಧ ದುರ್ಬಲ ಎಂಬುದು ಈ ವಿಷಯದ ತಿರುಳು.

ಅದುಮುವ ಒತ್ತಡ

ಪಿಂಗಾಣಿಯು ಕಲ್ಲಿನಂತೆ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲಕ್ಕೆ ಬೇಗ ಸೀಳುತ್ತದೆ. ಆದ್ದರಿಂದ ತಣಿದ ಕ್ಯಾಪ್‌ನಲ್ಲಿ ಪಿಂಗಾಣಿಯು ಸ್ವಲ್ಪ ಅದುಮಿದ ಸ್ಥಿತಿಯಲ್ಲಿ ಇರುವಂತೆ ಲೋಹವನ್ನೂ ಪಿಂಗಾಣಿಯನ್ನೂ ಜೋಡಿಸುತ್ತಾರೆ. ಇದಕ್ಕಾಗಿ ಲೋಹದ ಉಷ್ಣ ವ್ಯಾಕೋಚನ ಗುಣಾಂಕವು ಪಿಂಗಾಣಿಯದಕ್ಕಿಂತ ತುಸು ಹೆಚ್ಚಿರಬೇಕು. ಲೋಹಗಳ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಶಲಕ್ಷದಲ್ಲಿ ಸುಮಾರು 13.5ರಿಂದ 14.5 ಭಾಗ, ಪಿಂಗಾಣಿಯದು 13ರಿಂದ 14 ಭಾಗ. ಇವೆರಡರ ನಡುವೆ ಸುಮಾರು 0.5 ಭಾಗದ ಅಂತರ ಅಪೇಕ್ಷಣೀಯ.

ಉದಾಹರಣೆಗೆ, 10 ಮಿ.ಮೀ. ಉದ್ದದ ಜೋಡಣೆಯೊಂದು ಪಿಂಗಾಣಿ ಗಟ್ಟಿಯಾದ ಹಂತದಿಂದ 550 ಡಿಗ್ರಿಯಷ್ಟು ತಣಿಯುವುದೆಂದು ಭಾವಿಸಿದರೆ, 14 ಭಾಗ ಗುಣಾಂಕದ ಲೋಹ ಸುಮಾರು 0.077 ಮಿ.ಮೀ. ಕುಗ್ಗಬೇಕು, 13.5 ಭಾಗದ ಪಿಂಗಾಣಿ ಸುಮಾರು 0.074 ಮಿ.ಮೀ. ಕುಗ್ಗಬೇಕು. ಅಂತರ ಸುಮಾರು 3 ಮೈಕ್ರೋಮೀಟರ್. ಲ್ಯೂಸೈಟ್ ಇಲ್ಲದ, 8 ಭಾಗ ಗುಣಾಂಕದ ಪಿಂಗಾಣಿಯಾಗಿದ್ದರೆ ಈ ಅಂತರ 33 ಮೈಕ್ರೋಮೀಟರ್ ಆಗಿ ಪಿಂಗಾಣಿ ಉಳಿಯುತ್ತಿರಲಿಲ್ಲ. ಒಂದು ತಯಾರಕರ ಪಿಂಗಾಣಿಯನ್ನು ಅದಕ್ಕೆ ಹೊಂದದ ಲೋಹದ ಮೇಲೆ ಬಳಸಬಾರದೆಂಬ ನಿಯಮಕ್ಕೆ ಕಾರಣ ಇದೇ.

ಮಿಶ್ರಲೋಹಗಳು ಮತ್ತು ಬಂಧ

ಚಿನ್ನ ಹೆಚ್ಚಿರುವ ಮಿಶ್ರಲೋಹಗಳು ತೆಳುವಾದ, ಚೆನ್ನಾಗಿ ಅಂಟಿಕೊಳ್ಳುವ ಆಕ್ಸೈಡ್ ಕೊಡುತ್ತವೆ. ಇವುಗಳೊಂದಿಗೆ ಬಂಧ ನಂಬಿಕೆಗೆ ಅರ್ಹವಾಗಿದ್ದರೂ ಬೆಲೆ ಹೆಚ್ಚು. ಪಲ್ಲಾಡಿಯಂ-ಬೆಳ್ಳಿ ಮಿಶ್ರಲೋಹಗಳಲ್ಲಿ ಬಂಧ ಉತ್ತಮವಾಗಿದ್ದರೂ ಬೆಳ್ಳಿಯು ಕೆಲವು ಪಿಂಗಾಣಿಗಳಿಗೆ ಹಸಿರು ಛಾಯೆ ತರುವುದುಂಟು.

ನಿಕ್ಕಲ್-ಕ್ರೋಮಿಯಂ ಲೋಹಗಳು ಅಗ್ಗ ಹಾಗೂ ಬಹಳ ಗಡುಸು. ತೆಳುವಾದ ಟೊಪ್ಪಿಗೆಯೂ ಬಾಗುವುದಿಲ್ಲವಾದ್ದರಿಂದ ಉದ್ದನೆಯ ಬ್ರಿಡ್ಜ್‌ಗಳಿಗೆ ಇವು ಅನುಕೂಲ. ಎರಕ ಸುಲಭವಾಗಲೆಂದೂ ಆಕ್ಸೈಡ್ ಮಿತಿಯಲ್ಲಿರಲೆಂದೂ ಕೆಲವು ನಿಕ್ಕಲ್-ಕ್ರೋಮಿಯಂ ಲೋಹಗಳಿಗೆ ತೂಕದಲ್ಲಿ ಸುಮಾರು 2%ವರೆಗೆ ಬೆರಿಲಿಯಂ ಸೇರಿಸುತ್ತಿದ್ದರು. ಬೆರಿಲಿಯಂ ಅತಿ ಹಗುರವಾದುದರಿಂದ ತೂಕದಲ್ಲಿ 1.8% ಎಂದರೂ ಪರಮಾಣುಗಳ ಎಣಿಕೆಯಲ್ಲಿ ಅದು ಸುಮಾರು 10% ಆಗುತ್ತದೆ. ಅದರ ಧೂಳು ಮತ್ತು ಆವಿ ಶ್ವಾಸಕೋಶಕ್ಕೆ ವಿಷಕಾರಿಯಾದುದರಿಂದ ದಂತ ಲೋಹಗಳ ಅಂತರರಾಷ್ಟ್ರೀಯ ಮಾನದಂಡವು ಬೆರಿಲಿಯಂ ಪ್ರಮಾಣವನ್ನು 0.02%ಗೆ ಮಿತಿಗೊಳಿಸಿದೆ. ಕೋಬಾಲ್ಟ್-ಕ್ರೋಮಿಯಂ ಲೋಹಗಳಲ್ಲಿ ನಿಕ್ಕಲ್ ಅಲರ್ಜಿಯ ತೊಂದರೆಯಿಲ್ಲ. ಲೇಸರ್‌ನಿಂದ ಪುಡಿಲೋಹವನ್ನು ಪದರಪದರವಾಗಿ ಬೆಸೆಯುವ ಹೊಸ ವಿಧಾನದಲ್ಲಿ ಇವು ಹೆಚ್ಚಾಗಿ ಬಳಕೆಯಾಗುತ್ತವೆ.

ಟೈಟಾನಿಯಂ ಪ್ರತ್ಯೇಕ ಗುಂಪಿಗೆ ಸೇರುತ್ತದೆ. 882 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಹರಳಿನ ರಚನೆ ಬದಲಾಗುತ್ತದೆ, ಹೆಚ್ಚಿನ ಕಾವಿನಲ್ಲಿ ಆಕ್ಸೈಡ್ ದಪ್ಪವಾಗಿ ಸಡಿಲಗೊಳ್ಳುತ್ತದೆ. ಅದರ ವ್ಯಾಕೋಚನ ಗುಣಾಂಕವೂ ದಶಲಕ್ಷದಲ್ಲಿ ಸುಮಾರು 9 ಭಾಗ ಮಾತ್ರ. ಆದ್ದರಿಂದ ಟೈಟಾನಿಯಂಗೆ 800 ಡಿಗ್ರಿಗಿಂತ ಕೆಳಗೆ ಸುಡಬಹುದಾದ, ಕಡಿಮೆ ವ್ಯಾಕೋಚನದ ವಿಶೇಷ ಪಿಂಗಾಣಿಗಳನ್ನೇ ಬಳಸಬೇಕು.

ಬಂಧವನ್ನು ಉತ್ತಮಪಡಿಸುವ ಕ್ರಮಗಳು

ಉತ್ತಮ ಬಂಧವನ್ನು ಒಂದೇ ಒಂದು ಕ್ರಿಯೆಯಿಂದ ಪಡೆಯಲಾಗದು. ವಿನ್ಯಾಸ, ಎರಕ, ಮೇಲ್ಮೈ ಸಿದ್ಧತೆ, ಆಕ್ಸೈಡೀಕರಣ ಮತ್ತು ಸುಡುವಿಕೆ ಎಂಬ ಹಂತಗಳಲ್ಲಿ ಒಂದರ ತಪ್ಪನ್ನು ಮುಂದಿನ ಹಂತ ಸರಿಪಡಿಸುವುದಿಲ್ಲ.

ವಿನ್ಯಾಸ

ಲೋಹದ ಟೊಪ್ಪಿಗೆಯು ಪಿಂಗಾಣಿಗೆ ಎಲ್ಲೆಡೆ ಆಸರೆ ಕೊಡುವಂತಿರಬೇಕು. ಪಿಂಗಾಣಿಯ ದಪ್ಪ 1ರಿಂದ 2 ಮಿ.ಮೀ. ನಡುವೆ ಏಕರೂಪವಾಗಿದ್ದರೆ ಒಳ್ಳೆಯದು. ಲೋಹದ ಆಸರೆಯಿಲ್ಲದ ಪಿಂಗಾಣಿ 2 ಮಿ.ಮೀ.ಗಿಂತ ದಪ್ಪವಾದರೆ ಮುರಿಯುವ ಅಪಾಯ ಹೆಚ್ಚು. ಲೋಹದ ಮೂಲೆಗಳು ದುಂಡಾಗಿರಬೇಕು. ಪಿಂಗಾಣಿ ಮುಗಿದು ಲೋಹ ಆರಂಭವಾಗುವ ಗಡಿಯಲ್ಲಿ ಪಿಂಗಾಣಿಯು ತೆಳುವಾಗಿ ಹರಡದೆ ಸುಮಾರು 90 ಡಿಗ್ರಿ ಕೋನದಲ್ಲಿ ನಿಲ್ಲಬೇಕು. ಎದುರು ಹಲ್ಲು ತಾಗುವ ಬಿಂದುಗಳು ಈ ಗಡಿಯಿಂದ ಕನಿಷ್ಠ 1.5 ಮಿ.ಮೀ. ದೂರವಿರಬೇಕು.

ಇದಕ್ಕೆಲ್ಲ ಸ್ಥಳ ಸಿಗಬೇಕಾದರೆ ದಂತವೈದ್ಯರು ಹಲ್ಲನ್ನು ಅಗತ್ಯವಿರುವಷ್ಟು ಕೊರೆದಿರಬೇಕು. ಮುಂಭಾಗದಲ್ಲಿ ಸುಮಾರು 1.5 ಮಿ.ಮೀ., ಕಚ್ಚುವ ಅಂಚಿನಲ್ಲಿ ಸುಮಾರು 2 ಮಿ.ಮೀ. ಸಾಮಾನ್ಯ ಅಳತೆ. ಸ್ಥಳ ಕಡಿಮೆಯಾದರೆ ತಂತ್ರಜ್ಞರು ಲೋಹವನ್ನೋ ಪಿಂಗಾಣಿಯನ್ನೋ ತೆಳುಗೊಳಿಸಬೇಕಾಗುತ್ತದೆ. ಹೀಗೆ ಬಂಧದ ಗುಣಮಟ್ಟವು ಪ್ರಯೋಗಾಲಯಕ್ಕಿಂತ ಮೊದಲೇ, ರೋಗಿಯ ಕುರ್ಚಿಯ ಬಳಿಯೇ ನಿರ್ಧಾರವಾಗತೊಡಗುತ್ತದೆ.

ಎರಕ

ಎರಕದಲ್ಲಿ ಗಾಳಿಗುಳ್ಳೆಗಳು ಉಳಿದರೆ ಸುಡುವಾಗ ಅವುಗಳಿಂದ ಅನಿಲ ಹೊರಬಂದು ಪಿಂಗಾಣಿಯಲ್ಲಿ ಗುಳ್ಳೆಯೇಳುತ್ತದೆ. ನಿಕ್ಕಲ್ ಮತ್ತು ಪಲ್ಲಾಡಿಯಂ ಲೋಹಗಳು ಇಂಗಾಲವನ್ನು ಹೀರಿಕೊಳ್ಳುವುದರಿಂದ ಅವುಗಳನ್ನು ಗ್ರಾಫೈಟ್ ಮೂಸೆಯಲ್ಲಿ ಕರಗಿಸಬಾರದು. ಎರಕದಲ್ಲಿ ಮಿಕ್ಕ ಲೋಹವನ್ನು ಉಳಿತಾಯಕ್ಕಾಗಿ ಮತ್ತೆ ಮತ್ತೆ ಕರಗಿಸಿದರೆ ಆಕ್ಸೈಡ್ ಕಟ್ಟುವ ಧಾತುಗಳು ಕಡಿಮೆಯಾಗುತ್ತವೆ. ಹಳೆಯ ಲೋಹವನ್ನು ಬಳಸುವುದಾದರೆ ಕನಿಷ್ಠ ಅರ್ಧದಷ್ಟು ಹೊಸ ಲೋಹ ಸೇರಿಸಬೇಕೆಂಬುದು ರೂಢಿಯ ನಿಯಮ.

ಮೇಲ್ಮೈ ಸಿದ್ಧತೆ

ಎರಕದ ಬಳಿಕ ಲೋಹವನ್ನು ಉಜ್ಜಿ ಸರಿಪಡಿಸುವಾಗ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಎಲ್ಲ ದಿಕ್ಕಿಗೂ ಉಜ್ಜಿದರೆ ಲೋಹದ ಸೂಕ್ಷ್ಮ ಮಡಿಕೆಗಳ ಅಡಿಯಲ್ಲಿ ಧೂಳು ಮತ್ತು ಗಾಳಿ ಸಿಕ್ಕಿಕೊಳ್ಳುತ್ತವೆ. ಒಂದು ಲೋಹಕ್ಕೆ ಬಳಸಿದ ಕಲ್ಲನ್ನು ಮತ್ತೊಂದಕ್ಕೆ ಬಳಸಬಾರದು.

ಅನಂತರ ಸ್ಯಾಂಡ್‌ಬ್ಲಾಸ್ಟಿಂಗ್ ನಡೆಯುತ್ತದೆ. ಇದರಲ್ಲಿ ಅಲ್ಯುಮಿನಿಯಂ ಆಕ್ಸೈಡ್‌ನ ಶುದ್ಧ ಕಣಗಳನ್ನು ಗಾಳಿಯ ಒತ್ತಡದಿಂದ ಲೋಹದ ಮೇಲೆ ಚಿಮ್ಮಿಸುತ್ತಾರೆ. ಕಣಗಳ ಗಾತ್ರ ಸಾಮಾನ್ಯವಾಗಿ 50ರಿಂದ 250 ಮೈಕ್ರೋಮೀಟರ್. ಇದು ಮೇಲ್ಮೈಯನ್ನು ಶುಚಿಗೊಳಿಸುವುದರ ಜೊತೆಗೆ ಏಕರೂಪದ ಒರಟುತನವನ್ನು ಕೊಡುತ್ತದೆ. ಒತ್ತಡ ಅತಿಯಾದರೆ ತೆಳುವಾದ ಅಂಚುಗಳು ಬಾಗುತ್ತವೆ, ಕಣಗಳು ಲೋಹದೊಳಗೆ ನಾಟಿಕೊಳ್ಳುತ್ತವೆ. ಒಮ್ಮೆ ಬಳಸಿದ ಕಣಗಳಲ್ಲಿ ಬೇರೆ ಲೋಹದ ಚೂರು ಸೇರಿರುವುದರಿಂದ ಅವನ್ನು ಈ ಹಂತಕ್ಕೆ ಮರುಬಳಕೆ ಮಾಡುವುದಿಲ್ಲ. ಕೊನೆಯಲ್ಲಿ ಹಬೆಯಿಂದಲೋ, ಶ್ರವಣಾತೀತ ಕಂಪನದ ತೊಟ್ಟಿಯಲ್ಲಿ ಬಟ್ಟಿ ಇಳಿಸಿದ ನೀರಿನಿಂದಲೋ ತೊಳೆಯುತ್ತಾರೆ. ತೊಳೆದ ಲೋಹವನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡೂ ಬಂಧಕ್ಕೆ ತೊಡಕಾಗುತ್ತದೆ.

ಆಕ್ಸೈಡೀಕರಣ

ಸ್ವಚ್ಛಗೊಳಿಸಿದ ಲೋಹವನ್ನು ಪಿಂಗಾಣಿ ಹಚ್ಚುವ ಮೊದಲು ಕುಲುಮೆಯಲ್ಲಿ ಕಾಯಿಸುತ್ತಾರೆ. ಪ್ರಯೋಗಾಲಯಗಳಲ್ಲಿ ಇದನ್ನು ಡಿಗ್ಯಾಸಿಂಗ್ ಎಂದೂ ಕರೆಯುವುದುಂಟು. ಆದರೆ ಅನಿಲವನ್ನು ಹೊರಹಾಕುವುದಕ್ಕಿಂತ ಆಕ್ಸೈಡ್ ಮೂಡಿಸುವುದೇ ಇದರ ಮುಖ್ಯ ಉದ್ದೇಶ. ತಾಪಮಾನ, ಅವಧಿ ಮತ್ತು ಕುಲುಮೆಯೊಳಗೆ ಗಾಳಿ ಇರಬೇಕೋ ನಿರ್ವಾತ ಇರಬೇಕೋ ಎಂಬುದು ಲೋಹದಿಂದ ಲೋಹಕ್ಕೆ ಬೇರೆ. ಕೆಲವು ನಿಕ್ಕಲ್-ಕ್ರೋಮಿಯಂ ಲೋಹಗಳಿಗೆ ಈ ಹಂತವೇ ಬೇಡ. ಇನ್ನು ಕೆಲವಕ್ಕೆ ಕಾಯಿಸಿದ ಬಳಿಕ ಮತ್ತೆ ಲಘುವಾಗಿ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿ ಹೆಚ್ಚಾದ ಆಕ್ಸೈಡ್ ತೆಗೆಯಬೇಕು. ಕಾಯಿಸಿದ ಲೋಹದ ಬಣ್ಣ ಎಲ್ಲೆಡೆ ಸಮನಾಗಿರುವುದು ಒಳ್ಳೆಯ ಲಕ್ಷಣ. ಕಲೆಗಳು ಕಂಡರೆ ಕೊಳೆ ಉಳಿದಿದೆ ಎಂದರ್ಥ. ಅಂಥ ಲೋಹವನ್ನು ಮೊದಲಿನಿಂದ ಸಿದ್ಧಪಡಿಸಬೇಕು.

ಬಂಧಕ ಲೇಪಗಳು

ಕೆಲವು ತಯಾರಕರು ಲೋಹಕ್ಕೂ ಓಪೇಕ್‌ಗೂ ನಡುವೆ ಹಚ್ಚುವ ಬಂಧಕ ಲೇಪಗಳನ್ನು ಒದಗಿಸುತ್ತಾರೆ. ಇವು ಆಕ್ಸೈಡ್‌ನ ಬೆಳವಣಿಗೆಯನ್ನು ತಡೆಯಲು, ಅದರ ಕಪ್ಪು ಬಣ್ಣವನ್ನು ಮರೆಮಾಡಲು ಅಥವಾ ವ್ಯಾಕೋಚನದ ಅಂತರವನ್ನು ಹಂತಹಂತವಾಗಿ ತಗ್ಗಿಸಲು ನೆರವಾಗುತ್ತವೆ. ಟೈಟಾನಿಯಂಗೆ ಇವುಗಳ ಉಪಯೋಗ ಹೆಚ್ಚು. ಎಲ್ಲ ಲೋಹಗಳಿಗೂ ಇವು ಅಗತ್ಯವಲ್ಲ. ಹೊಂದದ ಲೇಪವು ಮತ್ತೊಂದು ದುರ್ಬಲ ಪದರವಾಗಿ ಪರಿಣಮಿಸಬಹುದು.

ಓಪೇಕ್ ಮತ್ತು ಸುಡುವಿಕೆ

ಓಪೇಕ್ ಪದರವನ್ನು ಎರಡು ಸಲ ಹಚ್ಚುವುದು ವಾಡಿಕೆ. ಮೊದಲನೆಯದು ಬಹಳ ತೆಳುವಾಗಿದ್ದು, ಲೋಹದ ಒರಟು ತಗ್ಗುಗಳಿಗೆ ಹರಿದು ಅಂಟಿಕೊಳ್ಳುವುದಕ್ಕಾಗಿ ಮಾತ್ರ. ಎರಡನೆಯದು ಬಣ್ಣ ಮುಚ್ಚುವುದಕ್ಕೆ. ಹಸಿ ಪಿಂಗಾಣಿಯನ್ನು ಕುಲುಮೆಯ ಬಾಗಿಲ ಬಳಿ ನಿಧಾನವಾಗಿ ಒಣಗಿಸಬೇಕು. ಇಲ್ಲದಿದ್ದರೆ ಒಳಗಿನ ನೀರು ಹಠಾತ್ತನೆ ಹಬೆಯಾಗಿ ಪದರವನ್ನು ಸಿಡಿಸುತ್ತದೆ. ಲೋಹದ ಮೇಲಿನ ಪಿಂಗಾಣಿಗಳನ್ನು ಸಾಮಾನ್ಯವಾಗಿ 850ರಿಂದ 1000 ಡಿಗ್ರಿ ಸೆಲ್ಸಿಯಸ್ ನಡುವೆ, ಗಾಳಿಗುಳ್ಳೆ ಕಡಿಮೆಯಾಗಲೆಂದು ನಿರ್ವಾತದಲ್ಲಿ ಸುಡುತ್ತಾರೆ. ಲೋಹದ ಕರಗುವ ತಾಪಮಾನ ಇದಕ್ಕಿಂತ ಸಾಕಷ್ಟು ಮೇಲಿರಬೇಕು.

ಬಣ್ಣ ಅಥವಾ ಆಕಾರ ಸರಿಪಡಿಸಲು ಪದೇ ಪದೇ ಸುಟ್ಟರೆ ಪಿಂಗಾಣಿಯ ಲ್ಯೂಸೈಟ್ ಪ್ರಮಾಣ ಬದಲಾಗಿ ವ್ಯಾಕೋಚನದ ಹೊಂದಾಣಿಕೆ ತಪ್ಪುತ್ತದೆ. ಜೊತೆಗೆ ಆಕ್ಸೈಡ್ ಬೆಳೆಯುತ್ತಲೇ ಹೋಗುತ್ತದೆ. ತಣಿಸುವ ವೇಗವೂ ಲ್ಯೂಸೈಟ್ ಪ್ರಮಾಣವನ್ನು ಪ್ರಭಾವಿಸುತ್ತದೆ. ಆದ್ದರಿಂದ ತಯಾರಕರು ಸೂಚಿಸಿದ ವೇಗವನ್ನೇ ಅನುಸರಿಸಬೇಕು.

ಬಂಧಶಕ್ತಿಯ ಪರೀಕ್ಷೆ

ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9693 ಲೋಹ-ಪಿಂಗಾಣಿ ಜೋಡಿಯ ಬಂಧವನ್ನು ಅಳೆಯುವ ವಿಧಾನವನ್ನು ಗೊತ್ತುಪಡಿಸಿದೆ. ಶ್ವಿಕರಾತ್ ಪರೀಕ್ಷೆ ಎಂದು ಹೆಸರಾದ ಇದರಲ್ಲಿ 25 ಮಿ.ಮೀ. ಉದ್ದ, 3 ಮಿ.ಮೀ. ಅಗಲ, 0.5 ಮಿ.ಮೀ. ದಪ್ಪದ ಲೋಹದ ಪಟ್ಟಿಯ ನಡುಭಾಗದಲ್ಲಿ 8 ಮಿ.ಮೀ. ಉದ್ದಕ್ಕೆ ಪಿಂಗಾಣಿಯನ್ನು ಸುಡುತ್ತಾರೆ. ಪಟ್ಟಿಯನ್ನು 20 ಮಿ.ಮೀ. ಅಂತರದ ಎರಡು ಆಸರೆಗಳ ಮೇಲೆ ಪಿಂಗಾಣಿ ಕೆಳಗಿರುವಂತೆ ಇಟ್ಟು, ನಡುವೆ ಮೇಲಿನಿಂದ ಒತ್ತುತ್ತಾರೆ. ಪಟ್ಟಿ ಬಾಗಿದಾಗ ಪಿಂಗಾಣಿಯ ತುದಿಯಲ್ಲಿ ಬಿರುಕು ಆರಂಭವಾಗುವ ಬಲವನ್ನು ದಾಖಲಿಸಿ ಬಂಧಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಅದು 25 ಮೆಗಾಪಾಸ್ಕಲ್‌ಗಿಂತ ಹೆಚ್ಚಿರಬೇಕು. ಆರು ಪಟ್ಟಿಗಳಲ್ಲಿ ಕನಿಷ್ಠ ನಾಲ್ಕು ಈ ಮಿತಿಯನ್ನು ದಾಟಬೇಕು.

ಪಿಂಗಾಣಿಯನ್ನು ಲೋಹದ ಮೇಲಿನಿಂದ ಪಕ್ಕಕ್ಕೆ ತಳ್ಳಿ ಕೀಳುವ ಪರೀಕ್ಷೆಯೂ ಬಳಕೆಯಲ್ಲಿದೆ. ವಿಧಾನ ಬದಲಾದಂತೆ ಅಂಕಿಗಳೂ ಬದಲಾಗುವುದರಿಂದ ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶಗಳನ್ನು ನೇರವಾಗಿ ಹೋಲಿಸಲಾಗದು. ಬಾಯಿಯ ತೇವ, ಬಿಸಿ-ತಂಪುಗಳ ಬದಲಾವಣೆ ಮತ್ತು ಲಕ್ಷಾಂತರ ಬಾರಿ ಅಗಿಯುವುದರ ಪರಿಣಾಮ ಒಮ್ಮೆ ಒತ್ತಿ ಮುರಿಯುವ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಹೀಗಾಗಿ ಸಂಶೋಧಕರು ಮಾದರಿಗಳನ್ನು ಬಿಸಿ ಮತ್ತು ತಣ್ಣೀರಿನಲ್ಲಿ ಸಾವಿರಾರು ಬಾರಿ ಅದ್ದಿದ ಮೇಲೆ ಪರೀಕ್ಷಿಸುವುದುಂಟು.

ವೈಫಲ್ಯದ ವಿಧಗಳು

ಬಿರುಕು ಯಾವ ಪದರದಲ್ಲಿ ಸಾಗಿತು ಎಂಬುದರಿಂದ ವೈಫಲ್ಯದ ಕಾರಣವನ್ನು ಊಹಿಸಬಹುದು. ಓಬ್ರಿಯನ್ ಸೂಚಿಸಿದ ವರ್ಗೀಕರಣದಲ್ಲಿ ಆರು ವಿಧಗಳಿವೆ:

- ಲೋಹಕ್ಕೂ ಪಿಂಗಾಣಿಗೂ ನಡುವೆ: ಆಕ್ಸೈಡ್ ಮೂಡಿಲ್ಲ ಅಥವಾ ಮೇಲ್ಮೈ ಕೊಳೆಯಾಗಿದೆ.
- ಆಕ್ಸೈಡ್‌ಗೂ ಪಿಂಗಾಣಿಗೂ ನಡುವೆ: ಪಿಂಗಾಣಿ ಆಕ್ಸೈಡ್‌ನೊಂದಿಗೆ ಸರಿಯಾಗಿ ಬೆರೆತಿಲ್ಲ.
- ಲೋಹಕ್ಕೂ ಆಕ್ಸೈಡ್‌ಗೂ ನಡುವೆ: ಆಕ್ಸೈಡ್ ಲೋಹಕ್ಕೆ ಸಡಿಲವಾಗಿ ಅಂಟಿದೆ.
- ಆಕ್ಸೈಡ್ ಪದರದ ಒಳಗೆ: ಆಕ್ಸೈಡ್ ಅತಿ ದಪ್ಪವಾಗಿದೆ.
- ಲೋಹದ ಒಳಗೆ: ಬಹಳ ಅಪರೂಪ, ಬ್ರಿಡ್ಜ್‌ನ ಕೂಡುಭಾಗ ತೆಳುವಾಗಿದ್ದರೆ ಸಂಭವಿಸಬಹುದು.
- ಪಿಂಗಾಣಿಯ ಒಳಗೆ: ಬಂಧವು ಪಿಂಗಾಣಿಗಿಂತ ಬಲವಾಗಿದೆ.

ಕೊನೆಯ ವಿಧದಲ್ಲಿ ಮುರಿದ ಮೇಲೂ ಲೋಹದ ಮೇಲೆ ಪಿಂಗಾಣಿಯ ಪದರ ಉಳಿದಿರುತ್ತದೆ. ಬಂಧ ಚೆನ್ನಾಗಿತ್ತೆಂಬುದಕ್ಕೆ ಇದು ಸಾಕ್ಷಿ. ತಪ್ಪು ವಿನ್ಯಾಸದಲ್ಲಿಯೋ ಕಚ್ಚುವಿಕೆಯಲ್ಲಿಯೋ ಇದ್ದಿರಬಹುದು. ಲೋಹ ಬರಿದಾಗಿ ಹೊಳೆಯುತ್ತಿದ್ದರೆ ಅಥವಾ ಕಪ್ಪಗಿದ್ದರೆ ದೋಷವನ್ನು ಮೇಲ್ಮೈ ಸಿದ್ಧತೆ ಹಾಗೂ ಆಕ್ಸೈಡೀಕರಣದಲ್ಲಿ ಹುಡುಕಬೇಕು. ಆದ್ದರಿಂದ ಉದುರಿದ ಚೂರನ್ನು ರೋಗಿಯು ಎಸೆಯದೆ ದಂತವೈದ್ಯರಿಗೆ ತಂದು ತೋರಿಸುವುದು ಉಪಯುಕ್ತ.

ಬಾಯಿಯಲ್ಲಿಯೇ ದುರಸ್ತಿ

ಚಿಕ್ಕ ಚಕ್ಕೆ ಎದ್ದಿದ್ದರೆ ಕ್ಯಾಪ್ ತೆಗೆಯದೆಯೇ ಹಲ್ಲಿನ ಬಣ್ಣದ ಕಾಂಪೋಸಿಟ್‌ನಿಂದ ಸರಿಪಡಿಸಬಹುದು. ಮೊದಲು ರಬ್ಬರ್ ಹಾಳೆಯಿಂದ ಹಲ್ಲನ್ನು ಬೇರ್ಪಡಿಸಿ, ಮುರಿದ ಮೇಲ್ಮೈಯನ್ನು ಸೂಕ್ಷ್ಮ ಕಣಗಳಿಂದ ಒರಟಾಗಿಸುತ್ತಾರೆ. ಪಿಂಗಾಣಿ ಉಳಿದಿರುವಲ್ಲಿ ಹೈಡ್ರೋಫ್ಲೋರಿಕ್ ಆಮ್ಲದಿಂದ ಕೊರೆದು ಸಿಲೇನ್ ದ್ರವ ಹಚ್ಚುತ್ತಾರೆ. ಲೋಹ ಕಾಣುವಲ್ಲಿ ಲೋಹಕ್ಕೆ ಅಂಟಿಕೊಳ್ಳುವ ಫಾಸ್ಫೇಟ್ ಗುಂಪಿನ ಪ್ರೈಮರ್ ಹಚ್ಚಿ, ಅಪಾರಕ ರಾಳದಿಂದ ಬಣ್ಣ ಮುಚ್ಚಿ, ಮೇಲೆ ಕಾಂಪೋಸಿಟ್ ತುಂಬುತ್ತಾರೆ. ಸಿಲಿಕಾ ಲೇಪಿತ 30 ಮೈಕ್ರೋಮೀಟರ್ ಕಣಗಳನ್ನು ಚಿಮ್ಮಿಸುವ ವಿಧಾನದಲ್ಲಿ ಲೋಹದ ಮೇಲೂ ಸಿಲಿಕಾ ಕೂರುವುದರಿಂದ ಸಿಲೇನ್ ಅಲ್ಲಿಯೂ ಕೆಲಸ ಮಾಡುತ್ತದೆ.

ಹೈಡ್ರೋಫ್ಲೋರಿಕ್ ಆಮ್ಲವು ಚರ್ಮವನ್ನು ದಾಟಿ ಒಳಗಿನ ಅಂಗಾಂಶವನ್ನು ಸುಡಬಲ್ಲ ಅಪಾಯಕಾರಿ ದ್ರವ. ಒಸಡಿಗೆ ತಗಲದಂತೆ ಎಚ್ಚರ ವಹಿಸಬೇಕು. ಇಂಥ ದುರಸ್ತಿಯ ಬಂಧವು ಕುಲುಮೆಯಲ್ಲಿ ಆದ ಬಂಧಕ್ಕೆ ಸಮವಲ್ಲ; ಇದನ್ನು ಹೊಸ ಕ್ಯಾಪ್ ಹಾಕುವವರೆಗಿನ ಪರಿಹಾರವೆಂದೇ ಪರಿಗಣಿಸುತ್ತಾರೆ.

ಆರೋಗ್ಯ ಮತ್ತು ಸುರಕ್ಷತೆ

ನಿಕ್ಕಲ್ ಅಲರ್ಜಿ ಇರುವವರಲ್ಲಿ ನಿಕ್ಕಲ್-ಕ್ರೋಮಿಯಂ ಕ್ಯಾಪ್‌ನಿಂದ ಒಸಡು ಕೆಂಪಾಗುವುದು, ಉರಿಯುವುದು ಸಂಭವಿಸಬಹುದು. ಅಗ್ಗದ ಆಭರಣ ಅಥವಾ ಗಡಿಯಾರದ ಪಟ್ಟಿಯಿಂದ ತುರಿಕೆಯಾಗಿದ್ದರೆ ರೋಗಿಯು ಅದನ್ನು ಮುಂಚಿತವಾಗಿ ತಿಳಿಸಬೇಕು. ಪ್ರಯೋಗಾಲಯದ ತಂತ್ರಜ್ಞರು ಲೋಹ, ಸಿಲಿಕಾ ಮತ್ತು ಪಿಂಗಾಣಿಯ ಧೂಳಿಗೆ ದಿನವೂ ಒಡ್ಡಿಕೊಳ್ಳುತ್ತಾರೆ. ಮುಖಗವಸು, ಧೂಳು ಹೀರುವ ಯಂತ್ರ ಮತ್ತು ಮುಚ್ಚಿದ ಸ್ಯಾಂಡ್‌ಬ್ಲಾಸ್ಟಿಂಗ್ ಪೆಟ್ಟಿಗೆಗಳು ಅವರ ಶ್ವಾಸಕೋಶದ ರಕ್ಷಣೆಗೆ ಅತ್ಯಗತ್ಯ.

ದಾವಣಗೆರೆ ಮತ್ತು ಕರ್ನಾಟಕದಲ್ಲಿ ಅಧ್ಯಯನ

ಕರ್ನಾಟಕದಲ್ಲಿ ದಂತವೈದ್ಯಕೀಯ ಶಿಕ್ಷಣ ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯ ಮತ್ತು ಮಣಿಪಾಲದ ಕಾಲೇಜಿನ ಬಳಿಕ ಇತರ ನಗರಗಳಿಗೂ ವಿಸ್ತರಿಸಿತು. ಮಧ್ಯ ಕರ್ನಾಟಕದಲ್ಲಿ ಇದರ ಮುಖ್ಯ ಕೇಂದ್ರ ದಾವಣಗೆರೆ. ಅಲ್ಲಿ ಬಾಪೂಜಿ ವಿದ್ಯಾಸಂಸ್ಥೆಯು 1979ರಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯವನ್ನೂ 1991ರಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಅನ್ನೂ ಆರಂಭಿಸಿತು. ಹರಿಹರ ಹಾಗೂ ಅದಕ್ಕೆ ಸಮೀಪದ ಗುತ್ತೂರು ಮೊದಲಾದ ಊರುಗಳಿಗೆ ಇವು ಹತ್ತಿರದ ದಂತ ಬೋಧನಾ ಆಸ್ಪತ್ರೆಗಳು. ಎರಡೂ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ.

ಬಿ.ಡಿ.ಎಸ್. ವಿದ್ಯಾರ್ಥಿಗಳು ದಂತ ಸಾಮಗ್ರಿಗಳ ವಿಷಯದಲ್ಲಿ ಲೋಹ-ಪಿಂಗಾಣಿ ಬಂಧವನ್ನು ಓದುತ್ತಾರೆ. ಪ್ರಾಸ್ಥೊಡಾಂಟಿಕ್ಸ್‌ನಲ್ಲಿ ಮೂರು ವರ್ಷಗಳ ಎಂ.ಡಿ.ಎಸ್. ಪದವಿಗೆ ಸಂಶೋಧನಾ ಪ್ರಬಂಧ ಕಡ್ಡಾಯ. ಸ್ಯಾಂಡ್‌ಬ್ಲಾಸ್ಟಿಂಗ್, ಆಕ್ಸೈಡೀಕರಣ, ಲೋಹದ ಮರುಎರಕ ಮತ್ತು ಪದೇ ಪದೇ ಸುಡುವಿಕೆಯಿಂದ ಬಂಧಶಕ್ತಿಯಲ್ಲಿ ಆಗುವ ವ್ಯತ್ಯಾಸ ಇಂಥ ಪ್ರಬಂಧಗಳಿಗೆ ಒದಗುವ ವಿಷಯಗಳು. ಚಿಕ್ಕ ಪಟ್ಟಿಗಳನ್ನು ಎರಕ ಹೊಯ್ದು, ಬಲ ಅಳೆಯುವ ಯಂತ್ರದಲ್ಲಿ ಮುರಿದು ನೋಡಬಹುದಾದುದರಿಂದ ರೋಗಿಗಳನ್ನು ಒಳಪಡಿಸದೆಯೇ ಇಂಥ ಅಧ್ಯಯನ ಸಾಧ್ಯ. ಕ್ಯಾಪ್ ತಯಾರಿಸುವ ತಂತ್ರಜ್ಞರನ್ನು 1948ರ ದಂತವೈದ್ಯರ ಕಾಯ್ದೆಯು ಡೆಂಟಲ್ ಮೆಕ್ಯಾನಿಕ್ ಎಂದು ಗುರುತಿಸಿ ಅವರ ನೋಂದಣಿಗೆ ಅವಕಾಶ ಕಲ್ಪಿಸಿತು.

ಸ್ಥಳೀಯ ಆಹಾರಾಭ್ಯಾಸಗಳೂ ಬಂಧದ ಬಾಳಿಕೆಗೆ ಸಂಬಂಧಿಸಿವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು ಅಡಿಕೆ ಬೆಳೆಗೆ ಹೆಸರಾದುದು. ಗಟ್ಟಿ ಅಡಿಕೆಯನ್ನು ಕ್ಯಾಪ್ ಹಾಕಿದ ಹಲ್ಲಿನಿಂದ ಒಡೆಯುವುದು, ಕಬ್ಬು ಸಿಗಿಯುವುದು, ಬಾಟಲಿಯ ಮುಚ್ಚಳ ಕಚ್ಚಿ ತೆಗೆಯುವುದು ಪಿಂಗಾಣಿಯ ಅಂಚಿನ ಮೇಲೆ ಎಳೆಯುವ ಬಲವನ್ನು ಹೇರುತ್ತವೆ. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿರುವವರಲ್ಲಿಯೂ ಚಕ್ಕೆಯೇಳುವ ಸಂಭವ ಹೆಚ್ಚು. ಅಂಥವರಿಗೆ ಅಗಿಯುವ ಮೇಲ್ಮೈಯನ್ನು ಲೋಹದಲ್ಲಿಯೇ ಉಳಿಸಿ, ಹೊರಗೆ ಕಾಣುವ ಭಾಗಕ್ಕೆ ಮಾತ್ರ ಪಿಂಗಾಣಿ ಹಚ್ಚುವುದು ಒಂದು ಆಯ್ಕೆ.

ಪರ್ಯಾಯಗಳು

ಜಿರ್ಕೋನಿಯಾ ಮತ್ತು ಲಿಥಿಯಂ ಡೈಸಿಲಿಕೇಟ್ ಕ್ಯಾಪ್‌ಗಳಲ್ಲಿ ಲೋಹ ಇರುವುದಿಲ್ಲ. ಇಡೀ ಕ್ಯಾಪ್ ಒಂದೇ ವಸ್ತುವಿನಿಂದಾದಾಗ ಪದರಗಳ ನಡುವಿನ ಬಂಧದ ಪ್ರಶ್ನೆಯೇ ಬರುವುದಿಲ್ಲ. ಆದರೆ ಜಿರ್ಕೋನಿಯಾದ ಮೇಲೆ ಪಿಂಗಾಣಿಯನ್ನು ಸುಟ್ಟಾಗ ಅಲ್ಲಿಯೂ ಚಕ್ಕೆಯೇಳುವ ಸಮಸ್ಯೆ ಕಂಡುಬಂದಿದೆ. ಉದ್ದನೆಯ ಬ್ರಿಡ್ಜ್‌ಗಳಲ್ಲಿ ಮತ್ತು ಕಡಿಮೆ ವೆಚ್ಚದ ಚಿಕಿತ್ಸೆಯಲ್ಲಿ ಲೋಹ-ಪಿಂಗಾಣಿ ಕ್ಯಾಪ್‌ಗಳ ಬಳಕೆ ಮುಂದುವರಿದಿದೆ.